ವಿನ್ಯಾಸದ ಹೊತ್ತಗೆ

1812ನೆಯ ಇಸವಿಯ ಮಾತು. ಲಂಡನ್ ನಗರದ ಒಂದು ಪುಸ್ತಕದಂಗಡಿಯಲ್ಲಿ ಹಾಳೆಗಳನ್ನು ಹೊಲಿದು ರಟ್ಟು ಕಟ್ಟುವ ಕಸುಬನ್ನು ಕಲಿಯುತ್ತಿದ್ದ ಇಪ್ಪತ್ತು ವರ್ಷದ ತರುಣನೊಬ್ಬನಿದ್ದನು. ಅವನ ತಂದೆ ಕಮ್ಮಾರ. ಶಾಲೆಯಲ್ಲಿ ಅವನು ಕಲಿತದ್ದು ಓದು, ಬರಹ, ಕೂಡುವ ಕಳೆಯುವ ಲೆಕ್ಕ, ಇಷ್ಟೇ. ಆದರೆ ರಟ್ಟು ಕಟ್ಟಲು ಬಂದ ಗ್ರಂಥಗಳನ್ನು ಕಟ್ಟುವ ಮೊದಲು ಓದುವ ಅಭ್ಯಾಸವನ್ನು ಅವನು ಬೆಳೆಸಿಕೊಂಡಿದ್ದನು. ಹೀಗೆ ಅವನಿಗೆ ವಿಜ್ಞಾನದ ರುಚಿ ಹತ್ತಿತು. ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಅವನ ಆಸಕ್ತಿಯನ್ನು ಕಂಡು, ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ನೀಡುತ್ತಿದ್ದ ಉಪನ್ಯಾಸಗಳಿಗೆ ಪ್ರವೇಶಪತ್ರವನ್ನು ಕೊಡಿಸಿದರು.

ತರುಣನು ಉಪನ್ಯಾಸಗಳನ್ನು ಏಕಾಗ್ರತೆಯಿಂದ ಕೇಳಿದನು. ಮನೆಗೆ ಬಂದು ಕೇಳಿದ್ದನ್ನೆಲ್ಲ ಅಚ್ಚುಕಟ್ಟಾಗಿ ಬರೆದನು. ಕಂಡ ಉಪಕರಣಗಳ ಚಿತ್ರಗಳನ್ನು ಬಿಡಿಸಿದನು. ಆ ಹಾಳೆಗಳನ್ನು ತನ್ನ ಕೈಯಿಂದಲೇ ಹೊಲಿದು ರಟ್ಟು ಕಟ್ಟಿ, ಆ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ಡೇವಿಗೆ ಕಳುಹಿಸಿದನು. ಅವನ ಬಳಿ ಪದವಿಯಿರಲಿಲ್ಲ. ದೊಡ್ಡವರ ಶಿಫಾರಸು ಇರಲಿಲ್ಲ. ಹೇಳಿಕೊಳ್ಳುವಂತಹ ಮನೆತನವೂ ಇರಲಿಲ್ಲ. ಅವನ ಪರವಾಗಿ ಮಾತನಾಡಲು ಇದ್ದುದು ಆ ಒಂದು ಹೊತ್ತಗೆ ಮಾತ್ರ. 1813ರಲ್ಲಿ ಪ್ರಯೋಗಶಾಲೆಯ ಸಹಾಯಕನ ಹುದ್ದೆ ತೆರವಾದಾಗ ಡೇವಿಗೆ ನೆನಪಾದುದು ಆ ತರುಣನೇ. ಅವನೇ ಮೈಕೆಲ್ ಫ್ಯಾರಡೆ. 1831ರಲ್ಲಿ ಆತನು ಕಂಡುಹಿಡಿದ ವಿದ್ಯುತ್‌ಕಾಂತೀಯ ಪ್ರೇರಣೆಯೇ ಇಂದಿನ ವಿದ್ಯುಜ್ಜನಕಗಳ ಮೂಲ ತತ್ತ್ವವಾಗಿದೆ.

ಎಂಜಿನಿಯರಿಂಗ್ ವಿದ್ಯೆಯನ್ನು ಕಲಿಯಬಯಸುವ ವಿದ್ಯಾರ್ಥಿಯೂ ಇಂತಹುದೇ ಒಂದು ಹೊತ್ತಗೆಯನ್ನು ಸಿದ್ಧಪಡಿಸಿಕೊಳ್ಳಬಹುದು. ಇದನ್ನು ವಿನ್ಯಾಸದ ಪೋರ್ಟ್‌ಫೋಲಿಯೊ ಎಂದು ಕರೆಯುತ್ತಾರೆ. ತಾನು ಯಾವ ಸಮಸ್ಯೆಯನ್ನು ಕೈಗೆತ್ತಿಕೊಂಡೆ, ಹೇಗೆ ಆಲೋಚಿಸಿದೆ, ಏನನ್ನು ಕಟ್ಟಿದೆ, ಎಲ್ಲಿ ಸೋತೆ, ಹೇಗೆ ತಿದ್ದಿಕೊಂಡೆ ಎಂಬುದರ ದಾಖಲೆಯೇ ಇದು. ಅನೇಕರು ಇದನ್ನು ಚೆಂದದ ಭಾವಚಿತ್ರಗಳ ಸಂಗ್ರಹವೆಂದು ತಪ್ಪು ತಿಳಿಯುತ್ತಾರೆ. ಸಿದ್ಧವಾದ ವಸ್ತುವಿನ ಚಿತ್ರವು ಊರು ಸೇರಿದ್ದನ್ನು ಮಾತ್ರ ತಿಳಿಸುತ್ತದೆ. ನಡೆದ ದಾರಿಯನ್ನು ತಿಳಿಸುವುದಿಲ್ಲ. ಪರೀಕ್ಷಿಸುವ ಗುರುಗಳು ನೋಡಬಯಸುವುದು ಆ ದಾರಿಯನ್ನು. ಒಳ್ಳೆಯ ಹೊತ್ತಗೆಯು ವಿದ್ಯಾರ್ಥಿಯ ಆಲೋಚನೆಗೆ ಹಿಡಿದ ಕೈಗನ್ನಡಿಯಾಗಿರಬೇಕು.

ಇಂತಹ ಹೊತ್ತಗೆಯ ಮೊದಲನೆಯ ಪುಟದಲ್ಲಿ ಇರಬೇಕಾದುದು ಸಮಸ್ಯೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರಂತೆ, ಸಮಸ್ಯೆಯನ್ನು ಅರಿಯುವ ಮೊದಲೇ ಯಂತ್ರವನ್ನು ಕಟ್ಟಲು ಹೊರಡುವವರು ಬಹಳ ಮಂದಿ. ಸರ್ ಎಂ. ವಿಶ್ವೇಶ್ವರಯ್ಯನವರ ಒಂದು ಕಾರ್ಯವನ್ನು ನೋಡಿರಿ. ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ ಹೆಚ್ಚು ನೀರನ್ನು ಸಂಗ್ರಹಿಸಬೇಕಾಗಿತ್ತು. ಮಳೆಗಾಲದ ಹೆಚ್ಚುವರಿ ನೀರು ಕೋಡಿಯ ಮೇಲೆ ಹರಿದು ಹೋಗುತ್ತಿತ್ತು. ಕಟ್ಟೆಯನ್ನು ಎತ್ತರಿಸುವುದು ಹೇಗೆ ಎಂದು ಕೇಳಿದ್ದರೆ ಉತ್ತರವು ದುಬಾರಿಯಾಗುತ್ತಿತ್ತು. ಅವರು ಬಿಡಿಸಿದ ಸಮಸ್ಯೆಯೇ ಬೇರೆ: ಕಟ್ಟೆಯನ್ನು ಎತ್ತರಿಸದೆ, ಅದಕ್ಕೆ ಅಪಾಯವೂ ಆಗದಂತೆ, ಕೋಡಿ ಹರಿಯುವ ನೀರನ್ನು ಉಳಿಸಿಕೊಳ್ಳುವುದು ಹೇಗೆ? ಇದಕ್ಕೆ ದೊರೆತ ಉತ್ತರವೇ ಸ್ವಯಂಚಾಲಿತ ಬಾಗಿಲುಗಳು. ನೀರು ನಿಗದಿತ ಮಟ್ಟವನ್ನು ಮೀರಿದಾಗ ಅವು ತಾವಾಗಿಯೇ ತೆರೆಯುತ್ತವೆ. ಮಟ್ಟವು ಇಳಿದಾಗ ಮತ್ತೆ ಮುಚ್ಚಿಕೊಳ್ಳುತ್ತವೆ. 1903ರಲ್ಲಿ ಅಲ್ಲಿ ಅಳವಡಿಸಲಾದ ಈ ವಿನ್ಯಾಸಕ್ಕೆ ಅವರು ಪೇಟೆಂಟನ್ನು ಪಡೆದರು. ಪ್ರಶ್ನೆಯು ಸರಿಯಾಗಿದ್ದರೆ ಉತ್ತರದ ಅರ್ಧ ದಾರಿಯನ್ನು ಸವೆಸಿದಂತೆಯೇ ಸರಿ.

ಈಗ ನಿಮ್ಮ ಕೈಗೆ ಎಟಕುವ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಶಾಲೆಯ ಮಾಡಿನಿಂದ ಬೀಳುವ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿಯಬೇಕಾಗಿದೆ. ಮೊದಲ ಮಳೆಯ ನೀರಿನಲ್ಲಿ ಮಾಡಿನ ಧೂಳು, ತರಗೆಲೆ, ಹಕ್ಕಿಗಳ ಹಿಕ್ಕೆ ಎಲ್ಲವೂ ಕೊಚ್ಚಿಕೊಂಡು ಬರುತ್ತವೆ. ಆ ಕೊಳೆನೀರು ತೊಟ್ಟಿಯನ್ನು ಸೇರದಂತೆ ತಡೆಯಬೇಕು. ಇದು ಸಮಸ್ಯೆ. ವಿದ್ಯುತ್ತನ್ನು ಬಳಸಬಾರದು, ಸಾಮಾನುಗಳು ಊರಿನ ಅಂಗಡಿಯಲ್ಲಿಯೇ ದೊರೆಯಬೇಕು, ವಿದ್ಯಾರ್ಥಿಗಳೇ ಅದನ್ನು ಶುಚಿಗೊಳಿಸುವಂತಿರಬೇಕು. ಇವು ನಿರ್ಬಂಧಗಳು. ಇವೆರಡನ್ನೂ ಮೊದಲ ಪುಟದಲ್ಲಿ ತಾರೀಖಿನೊಡನೆ ಬರೆಯಬೇಕು.

ಎರಡನೆಯದು ಲೆಕ್ಕ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ದೊರೆಯುತ್ತದೆ. ಮಾಡಿನ ವಿಸ್ತಾರವು 40 ಚದರ ಮೀಟರ್ ಆಗಿದ್ದು, ಮೊದಲ ಒಂದು ಮಿಲಿಮೀಟರ್ ಮಳೆಯನ್ನು ಹೊರಗೆ ಬಿಡಲು ನಿಶ್ಚಯಿಸಿದರೆ 40 ಲೀಟರ್ ನೀರನ್ನು ಬೇರೆಯಾಗಿ ಹಿಡಿಯಬೇಕಾಗುತ್ತದೆ. ನೆಟ್ಟಗೆ ನಿಲ್ಲಿಸಿದ 10 ಸೆಂಟಿಮೀಟರ್ ವ್ಯಾಸದ ಕೊಳವೆಯು ಒಂದು ಮೀಟರ್ ಉದ್ದಕ್ಕೆ ಎಂಟು ಲೀಟರಿಗಿಂತ ತುಸು ಕಡಿಮೆ ನೀರನ್ನು ಹಿಡಿಯುತ್ತದೆ. ಅಂದರೆ ಐದು ಮೀಟರಿಗಿಂತಲೂ ಉದ್ದವಾದ ಕೊಳವೆ ಬೇಕು. ಮಾಡಿನ ಅಂಚು ನೆಲದಿಂದ ಮೂರೇ ಮೀಟರ್ ಎತ್ತರದಲ್ಲಿದ್ದರೆ ಇದು ಸಾಧ್ಯವಿಲ್ಲ. 15 ಸೆಂಟಿಮೀಟರ್ ವ್ಯಾಸದ ಕೊಳವೆಯಾದರೆ ಸುಮಾರು ಎರಡೂಕಾಲು ಮೀಟರ್ ಉದ್ದವಿದ್ದರೆ ಸಾಕು. ಐವತ್ತು ಲೀಟರಿನ ಪೀಪಾಯಿಯೊಂದನ್ನೂ ಬಳಸಬಹುದು. ಆದರೆ ಅದು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಹೀಗೆ ಎರಡು ಮೂರು ಮಾರ್ಗಗಳನ್ನು ಅಕ್ಕಪಕ್ಕದಲ್ಲಿಟ್ಟು, ವೆಚ್ಚ, ಜಾಗ, ಶುಚಿಗೊಳಿಸುವ ಸೌಕರ್ಯ ಇವುಗಳನ್ನು ಹೋಲಿಸಿದ ಕೋಷ್ಟಕವು ಹೊತ್ತಗೆಯಲ್ಲಿ ಇರಬೇಕು. ಒಂದನ್ನು ಏಕೆ ಆರಿಸಿದೆ, ಉಳಿದವುಗಳನ್ನು ಏಕೆ ಬಿಟ್ಟೆ ಎಂದು ಹೇಳಬಲ್ಲವನೇ ವಿನ್ಯಾಸಕಾರ.

ಮೂರನೆಯದು ಚಿತ್ರ. ಎಂಜಿನಿಯರನ ಚಿತ್ರವು ಕಣ್ಣಿಗೆ ಹಿತವಾದರೆ ಸಾಲದು. ಅದನ್ನು ನೋಡಿ ಅಪರಿಚಿತನೊಬ್ಬನು ಆ ವಸ್ತುವನ್ನು ತಯಾರಿಸುವಂತಿರಬೇಕು. ಆದುದರಿಂದ ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಕಾಣುವ ಮೂರು ನೋಟಗಳನ್ನು ಬಿಡಿಸಿ, ಅಳತೆಗಳನ್ನೂ ಪ್ರಮಾಣವನ್ನೂ ಬಳಸಿದ ಸಾಮಗ್ರಿಯನ್ನೂ ನಮೂದಿಸಬೇಕು. ಇಂದು ಗಣಕಯಂತ್ರದ ಮೇಲೆ ಸೊಗಸಾದ ಚಿತ್ರಗಳನ್ನು ರಚಿಸಬಹುದು. ಆದರೂ ಪೆನ್ಸಿಲಿನಿಂದ ಗೀಚಿದ ಮೊದಲ ಚಿತ್ರವನ್ನು ಎಸೆಯಬಾರದು. ಆಲೋಚನೆಯು ಮೊಳಕೆಯೊಡೆದ ಕ್ಷಣವು ಅದರಲ್ಲಿ ಅಡಗಿರುತ್ತದೆ.

ನಾಲ್ಕನೆಯದೂ ಅತ್ಯಂತ ಮುಖ್ಯವಾದುದೂ ಪರೀಕ್ಷೆ. ಕಟ್ಟಿದ ಕೊಳವೆಯೊಳಗೆ ತೇಲುವ ಚೆಂಡೊಂದನ್ನು ಇಟ್ಟಿದ್ದೀರಿ. ಕೊಳವೆ ತುಂಬಿದಾಗ ಚೆಂಡು ಮೇಲೇರಿ ಬಾಯಿಯನ್ನು ಮುಚ್ಚಬೇಕು. ಅನಂತರದ ಶುದ್ಧ ನೀರು ತೊಟ್ಟಿಗೆ ಹರಿಯಬೇಕು. ಅಳೆದು ಸುರಿದು ನೋಡಿದಾಗ ಚೆಂಡಿನ ಅಂಚಿಗೆ ಎಲೆಯ ಚೂರು ಸಿಕ್ಕಿ ಬಾಯಿ ಮುಚ್ಚಲಿಲ್ಲ. ಕೊಳೆನೀರು ತೊಟ್ಟಿಗೂ ಸೇರಿತು. ಇದನ್ನು ಮರೆಮಾಚಬೇಕೆನಿಸುವುದು ಸಹಜ. ಆದರೆ ಹೊತ್ತಗೆಯ ಅತ್ಯಂತ ಬೆಲೆಯುಳ್ಳ ಪುಟವು ಇದೇ. ಎಷ್ಟು ಲೀಟರ್ ಸುರಿದೆ, ಎಷ್ಟು ಸೋರಿತು, ಕಾರಣವೇನೆಂದು ಊಹಿಸಿದೆ, ಜಾಲರಿಯನ್ನು ಅಳವಡಿಸಿದ ಬಳಿಕ ಏನಾಯಿತು ಎಂಬುದನ್ನೆಲ್ಲ ಬರೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಬೇಕು. ಇಲ್ಲವಾದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಸೋಲಿನ ಪುಟವು ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ರೈಟ್ ಸಹೋದರರೇ ಸಾಕ್ಷಿ. ಅಮೆರಿಕದ ಡೇಟನ್ ನಗರದಲ್ಲಿ ಬೈಸಿಕಲ್ ಅಂಗಡಿಯನ್ನು ನಡೆಸುತ್ತಿದ್ದ ವಿಲ್ಬರ್ ಮತ್ತು ಆರ್ವಿಲ್ 1901ರಲ್ಲಿ ಒಂದು ಗ್ಲೈಡರನ್ನು ಕಟ್ಟಿ ಹಾರಿಸಿದರು. ಲೆಕ್ಕದ ಪ್ರಕಾರ ದೊರೆಯಬೇಕಾಗಿದ್ದ ಎತ್ತುವ ಬಲದ ಮೂರನೆಯ ಒಂದು ಭಾಗ ಮಾತ್ರ ಅದಕ್ಕೆ ದೊರೆಯಿತು. ಅವರು ಬಹಳ ನಿರಾಶರಾಗಿ ಊರಿಗೆ ಮರಳಿದರು. ಆದರೆ ಕುಣಿಯಲಾರದವಳು ನೆಲ ಡೊಂಕೆಂದಂತೆ ಗಾಳಿಯನ್ನು ಹಳಿಯುತ್ತ ಕುಳಿತುಕೊಳ್ಳಲಿಲ್ಲ. ತಮ್ಮ ಅಳತೆಗಳನ್ನು ನಂಬಿ, ಹಿಂದಿನವರ ಲೆಕ್ಕವನ್ನೇ ಸಂದೇಹಿಸಿದರು. ಆರು ಅಡಿ ಉದ್ದದ ಮರದ ಪೆಟ್ಟಿಗೆಯಿಂದ ಗಾಳಿಸುರಂಗವೊಂದನ್ನು ರಚಿಸಿದರು. ಗರಗಸದ ಅಲಗು ಮತ್ತು ಸೈಕಲ್ಲಿನ ಕಡ್ಡಿಗಳಿಂದ ತಕ್ಕಡಿಯನ್ನು ಮಾಡಿದರು. ಸುಮಾರು ಇನ್ನೂರು ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿ ಅಂಕಿಗಳನ್ನು ಬರೆದಿಟ್ಟರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಎಲ್ಲರೂ ಬಳಸುತ್ತಿದ್ದ ಗಾಳಿಯ ಒತ್ತಡದ ಗುಣಾಂಕ 0.005 ತಪ್ಪೆಂದೂ, ಅದು 0.0033ರ ಸಮೀಪದಲ್ಲಿದೆಯೆಂದೂ ಅವರು ಕಂಡುಕೊಂಡರು. 1903ರ ಡಿಸೆಂಬರ್ 17ರಂದು ಅವರ ವಿಮಾನವು ಮೊದಲ ಬಾರಿಗೆ 12 ಸೆಕೆಂಡುಗಳ ಕಾಲ ಹಾರಿ 120 ಅಡಿ ಸಾಗಿತು. ಆ ದಿನದ ನಾಲ್ಕನೆಯ ಹಾರಾಟವು 59 ಸೆಕೆಂಡು, 852 ಅಡಿ. ಈ ಅಂಕಿಗಳು ಇಂದು ನಮಗೆ ತಿಳಿದಿರುವುದು ಅವರು ಅವುಗಳನ್ನು ಅಂದೇ ಬರೆದಿಟ್ಟುದರಿಂದ. 1901ರ ಸೋಲನ್ನು ಅವರು ಅಳೆಯದೆ, ಬರೆಯದೆ ಬಿಟ್ಟಿದ್ದರೆ ಹಿಂದಿನವರ ತಪ್ಪು ತಪ್ಪಾಗಿಯೇ ಉಳಿಯುತ್ತಿತ್ತು.

ಐದನೆಯದು ಪ್ರಾಮಾಣಿಕತೆ. ದೊಡ್ಡ ಕೆಲಸಗಳು ಒಬ್ಬರಿಂದ ಆಗುವುದಿಲ್ಲ. ಗೆಳೆಯರೊಡನೆ ಕೂಡಿ ಮಾಡಿದ ಕೆಲಸದಲ್ಲಿ ತನ್ನ ಪಾಲು ಯಾವುದು, ಇತರರ ಪಾಲು ಯಾವುದು ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ಕೊಳವೆಯನ್ನು ಕೊಯ್ದುಕೊಟ್ಟ ಕೆಲಸಗಾರನ ನೆರವನ್ನೂ ಒಂದು ಸಾಲಿನಲ್ಲಿ ಸ್ಮರಿಸಬೇಕು. ಬೇರೊಬ್ಬರ ಚಿತ್ರವನ್ನು ತನ್ನದೆಂದು ಅಂಟಿಸಿದ ವಿದ್ಯಾರ್ಥಿಯು ಸಂದರ್ಶನದ ಮೊದಲ ಪ್ರಶ್ನೆಗೇ ತಡವರಿಸುತ್ತಾನೆ. ಅಷ್ಟೇ ಅಲ್ಲ, ಸುಳ್ಳು ಅಂಕಿಯ ಮೇಲೆ ನಾಳೆ ಒಂದು ಸೇತುವೆಯನ್ನು ಕಟ್ಟಿದರೆ ಅದರ ಮೇಲೆ ನಡೆಯುವವರ ಪ್ರಾಣಕ್ಕೆ ಹೊಣೆ ಯಾರು? ಅಳತೆಯಲ್ಲಿ ಸತ್ಯವನ್ನು ಪಾಲಿಸುವ ಅಭ್ಯಾಸವು ಶಾಲೆಯ ಹೊತ್ತಗೆಯಲ್ಲಿಯೇ ಆರಂಭವಾಗಬೇಕು.

ಕಡೆಯದು ಆಯ್ಕೆ ಮತ್ತು ಜೋಡಣೆ. ದಿನಚರಿಯಂತೆ ಎಲ್ಲವನ್ನೂ ಬರೆದಿಡುವ ಪುಸ್ತಕವೊಂದು ಬೇರೆಯಿರಲಿ. ಇತರರಿಗೆ ತೋರಿಸುವ ಹೊತ್ತಗೆಯಲ್ಲಿ ಮೂರು ನಾಲ್ಕು ಉತ್ತಮ ಕೆಲಸಗಳಿದ್ದರೆ ಸಾಕು. ಪ್ರತಿಯೊಂದರ ಆರಂಭದಲ್ಲಿ ಸಮಸ್ಯೆ, ಪರಿಹಾರ, ಫಲಿತಾಂಶಗಳನ್ನು ನಾಲ್ಕು ವಾಕ್ಯಗಳಲ್ಲಿ ಹೇಳಬೇಕು. ಭಾವಚಿತ್ರಗಳ ಕೆಳಗೆ ವಿವರಣೆಯಿರಬೇಕು. ಕೊನೆಯಲ್ಲಿ, ಮತ್ತೊಮ್ಮೆ ಮಾಡುವುದಾದರೆ ಏನನ್ನು ಬದಲಿಸುವೆನೆಂದು ಬರೆಯಬೇಕು. ಹೊತ್ತಗೆಯ ಪ್ರತಿಯೊಂದನ್ನು ಬೇರೆಡೆ ಕಾಪಾಡುವುದೂ ಅಗತ್ಯ. 1913ರಲ್ಲಿ ಡೇಟನ್ ನಗರಕ್ಕೆ ಮಹಾಪ್ರವಾಹ ಬಂದಾಗ ರೈಟ್ ಸಹೋದರರ ಛಾಯಾಚಿತ್ರಗಳ ಗಾಜಿನ ಫಲಕಗಳು ನೀರಿನಲ್ಲಿ ಮುಳುಗಿದವು. ಮೊದಲ ಹಾರಾಟದ ಫಲಕವು ಒಂದು ಮೂಲೆಯನ್ನು ಕಳೆದುಕೊಂಡರೂ ಅದೃಷ್ಟವಶಾತ್ ಉಳಿಯಿತು. ನಾವು ಅದೃಷ್ಟವನ್ನೇ ನಂಬಿಕೊಂಡಿರಬಾರದು.

ಇದಕ್ಕೆಲ್ಲ ಬೆಲೆಬಾಳುವ ಉಪಕರಣಗಳು ಬೇಕಿಲ್ಲ. ಒಂದು ನೋಟುಪುಸ್ತಕ, ಒಂದು ಅಳತೆಪಟ್ಟಿ, ಒಂದು ಪೆನ್ಸಿಲು, ಸುತ್ತಲಿನ ಕಷ್ಟಗಳನ್ನು ಕಾಣುವ ಕಣ್ಣು, ಇವಿಷ್ಟಿದ್ದರೆ ಸಾಕು. ಮುಂದೆ ನೀವು ಎಂಜಿನಿಯರ್ ಆಗದೆ ರೈತರೋ ಕುಶಲಕರ್ಮಿಗಳೋ ಶಿಕ್ಷಕರೋ ಆದರೂ ಈ ಅಭ್ಯಾಸವು ವ್ಯರ್ಥವಾಗದು. ಅಂಕಪಟ್ಟಿಯು ನೀವು ಎಷ್ಟು ಕಲಿತಿರೆಂಬುದನ್ನು ಹೇಳಬಹುದು. ಕಲಿತುದರಿಂದ ಏನನ್ನು ಮಾಡಬಲ್ಲಿರೆಂಬುದನ್ನು ಹೇಳುವುದು ನೀವು ಮಾಡಿದ ಕೆಲಸವೇ. ಶಿಫಾರಸು ಮಾಡುವವರಿಲ್ಲದ ಆ ರಟ್ಟು ಕಟ್ಟುವ ಹುಡುಗನಿಗೆ ಬಾಗಿಲನ್ನು ತೆರೆದುದು ಅವನ ಕೈಬರಹದ ಪುಟಗಳು. ನಿಮ್ಮ ಹೊತ್ತಗೆಯ ಮೊದಲನೆಯ ಪುಟವನ್ನು ಇಂದೇ ಬರೆಯಿರಿ. ತಾರೀಖು ಹಾಕುವುದನ್ನು ಮರೆಯದಿರಿ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ:
1. ಫ್ಯಾರಡೆಯು ಡೇವಿಗೆ ಏನನ್ನು ಕಳುಹಿಸಿದನು?
2. ವಿನ್ಯಾಸದ ಹೊತ್ತಗೆಯ ಮೊದಲ ಪುಟದಲ್ಲಿ ಏನಿರಬೇಕು?
3. ರೈಟ್ ಸಹೋದರರು ತಕ್ಕಡಿಯನ್ನು ಯಾವ ಸಾಮಗ್ರಿಗಳಿಂದ ಮಾಡಿದರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಖಡಕ್‌ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳು ಹೇಗೆ ಕೆಲಸ ಮಾಡುತ್ತವೆ?
2. ಸೋಲಿನ ಪುಟವು ಬೆಲೆಯುಳ್ಳದ್ದೆಂದು ಲೇಖಕರು ಏಕೆ ಹೇಳುತ್ತಾರೆ?

ಇ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಜಲಾಶಯ, ಮಳೆಗಾಲ, ಕೈಗನ್ನಡಿ, ಅಂಗಡಿಯಲ್ಲಿ.

ಈ. ನಿಮ್ಮ ಶಾಲೆಯಲ್ಲಿ ಅಥವಾ ಊರಿನಲ್ಲಿ ಕಂಡ ಒಂದು ಸಮಸ್ಯೆಯನ್ನು ಆರಿಸಿಕೊಂಡು, ಅದರ ನಿರ್ಬಂಧಗಳನ್ನೂ ಎರಡು ಪರಿಹಾರಮಾರ್ಗಗಳನ್ನೂ ಹೋಲಿಸಿ ಒಂದು ಪುಟ ಬರೆಯಿರಿ.