ಲೇಖನಿಯೂ ಅನ್ನವೂ

ಹೊಲದಲ್ಲಿ ದುಡಿದ ಆಳಿಗೆ ಸಂಜೆಯಾದೊಡನೆ ಕೂಲಿ ದೊರೆಯುತ್ತದೆ. ಪುಸ್ತಕ ಬರೆದವನಾದರೋ ಅದು ಅಚ್ಚಾಗಿ, ಮಾರಾಟವಾಗಿ, ಲೆಕ್ಕ ತೀರುವವರೆಗೆ ಕಾಯಬೇಕು. ಕಾದರೂ ಕೈಸೇರುವ ಹಣವೆಷ್ಟು? 200 ರೂಪಾಯಿ ಬೆಲೆಯ ಕಾದಂಬರಿಯ 1,000 ಪ್ರತಿಗಳು ಮಾರಾಟವಾದವೆನ್ನೋಣ. ನೂರಕ್ಕೆ ಹತ್ತರಂತೆ ಗೌರವಧನ ಸಂದರೆ ಲೇಖಕನಿಗೆ ದೊರೆಯುವುದು 20,000 ರೂಪಾಯಿ. ಅದನ್ನು ಬರೆಯಲು ಎರಡು ವರ್ಷ ಹಿಡಿದಿದ್ದರೆ ತಿಂಗಳ ಗಳಿಕೆ 850 ರೂಪಾಯಿಯನ್ನೂ ಮುಟ್ಟುವುದಿಲ್ಲ. ಇಷ್ಟರಲ್ಲಿ ಸಂಸಾರ ಸಾಗುವುದೆಂತು?

ಈ ಕಷ್ಟ ಇಂದಿನದಲ್ಲ. ಕನ್ನಡ ಕಾದಂಬರಿಗೆ ಓದುಗರನ್ನು ದೊರಕಿಸಿಕೊಟ್ಟ ಗಳಗನಾಥರು (1869–1942) ಶಿಕ್ಷಕ ವೃತ್ತಿಯನ್ನು ತೊರೆದು ಸಾಹಿತ್ಯಸೇವೆಗೆ ನಿಂತರು. ತಾವು ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಬರೆಯುವ ಶ್ರಮದೊಡನೆ ಹೊರುವ ಶ್ರಮವೂ ಅವರ ಪಾಲಿಗೆ ಬಂದಿತು.

ಆದುದರಿಂದಲೇ ಅನೇಕ ಲೇಖಕರು ಅನ್ನಕ್ಕೆ ಬೇರೊಂದು ವೃತ್ತಿಯನ್ನು ನೆಚ್ಚಿದರು. ಇಂದಿನ ಕಾಗವಾಡ ತಾಲ್ಲೂಕಿನ ಶೇಡಬಾಳದಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು (1918–1975) ಶಿಕ್ಷಕರಾಗಿದ್ದು 'ನಿಸರ್ಗ'ದಂತಹ ಕಾದಂಬರಿಗಳನ್ನು ರಚಿಸಿದರು. ರಾಯಬಾಗಕ್ಕೆ ನೆರೆಯದಾದ ಗೋಕಾಕ ತಾಲ್ಲೂಕಿನ ಬಸವರಾಜ ಕಟ್ಟೀಮನಿಯವರು (1919–1989) ಪತ್ರಿಕೆಗಳಲ್ಲಿ ದುಡಿದರು. ನಿಪ್ಪಾಣಿಯ ಮರಾಠಿ ಕಥೆಗಾರ ಮಹಾದೇವ ಮೋರೆಯವರು ಹಿಟ್ಟಿನ ಗಿರಣಿ ನಡೆಸುತ್ತಲೇ ಶ್ರಮಜೀವಿಗಳ ಬಾಳನ್ನು ಬರೆದರು. ಭಾಷೆ ಬೇರೆಯಾದರೂ ಲೇಖಕನ ಹಸಿವು ಒಂದೇ.

ಇಂತಹ ವೃತ್ತಿಯು ಬರವಣಿಗೆಗೆ ಕೇವಲ ಅಡ್ಡಿಯೆಂದು ತಿಳಿಯಬಾರದು. ಅದು ಲೇಖಕನ ಸಮಯವನ್ನು ಕಸಿದುಕೊಳ್ಳುತ್ತದೆ, ನಿಜ. ಆದರೆ ಜನರ ನಡುವೆ ಅವನನ್ನು ನಿಲ್ಲಿಸುತ್ತದೆ. ಗಿರಣಿಗೆ ಜೋಳ ತಂದವರ ಮಾತು, ಶಾಲೆಗೆ ಬರುವ ಮಕ್ಕಳ ಮನೆಯ ಬವಣೆ ಅವನ ಅನುಭವದ ಬಂಡವಾಳವಾಗುತ್ತವೆ. ಹಾಗೆಂದು ಅವನ ಬಡತನವನ್ನೇ ಕೊಂಡಾಡುವುದು ಸಲ್ಲದು. ದಿನದ ದುಡಿಮೆಯಲ್ಲಿ ದಣಿದು ಬರೆಯಲಾಗದೆ ಉಳಿದ ಪುಸ್ತಕಗಳನ್ನು ಎಣಿಸಿದವರಾರು?

ಕಾನೂನು ಲೇಖಕನಿಗೆ ಆಸರೆ ನೀಡಿದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಕೃತಿಯ ಹಕ್ಕು ಲೇಖಕನ ಜೀವಿತಕಾಲವೂ ಅನಂತರ 60 ವರ್ಷವೂ ಉಳಿಯುತ್ತದೆ. ಆದರೆ ಇಂದಿನ ಅಡಚಣೆಗೆ ಸಿಕ್ಕಿ ಆ ಹಕ್ಕನ್ನು ಒಮ್ಮೆಗೇ ಮಾರಿಬಿಟ್ಟವನಿಗೆ, ಪುಸ್ತಕ ಹತ್ತು ಮುದ್ರಣ ಕಂಡರೂ ಮುಂದಿನ ಲಾಭವಿಲ್ಲ. ಹಕ್ಕಿದ್ದರೂ ಕೊಳ್ಳುವವರಿಲ್ಲದಿದ್ದರೆ ಫಲವಿಲ್ಲ. ಚಿಕ್ಕೋಡಿಯಲ್ಲಾಗಲಿ ಅಥಣಿಯಲ್ಲಾಗಲಿ ಗ್ರಂಥಾಲಯದ ಒಂದು ಪ್ರತಿಯನ್ನು ನೂರು ಜನ ಓದಬಹುದು. ಅದರಿಂದ ಲೇಖಕನ ಹೆಸರು ಬೆಳೆಯುತ್ತದೆ, ಅವನಿಗೆ ಸಲ್ಲುವುದು ಒಂದೇ ಪ್ರತಿಯ ಗೌರವಧನ. ಆ ನೂರು ಜನರಲ್ಲಿ ಹತ್ತು ಮಂದಿ ತಮ್ಮದೊಂದು ಪ್ರತಿಯನ್ನು ಕೊಂಡರೆ, ಅವನ ಕೂಲಿ ಹನ್ನೊಂದು ಪಟ್ಟಾಗುತ್ತದೆ.