ಹಳೆಯ ಮಿನಿ ಹಿಟಾಚಿ ಕೊಳ್ಳುವ ಮುನ್ನ

ತೋಟದ ಕೆಲಸಕ್ಕೆ ಆಳು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿರುವುದರಿಂದ, ಗುಂಡಿ ತೆಗೆಯಲು, ಬಸಿಗಾಲುವೆ ಎತ್ತಲು, ಪೈಪು ಹೂಳಲು ಸಣ್ಣ ಯಂತ್ರವೊಂದು ಮನೆಯಲ್ಲೇ ಇದ್ದರೆ ಹೇಗೆ ಎಂದು ಕೇಳುವ ಬೆಳೆಗಾರರು ಹೆಚ್ಚಾಗಿದ್ದಾರೆ. ಹೊಸದು ಕೊಳ್ಳಲು ಕೈಯಲ್ಲಿ ಹಣ ಸಾಲದು. ಹಳೆಯದು ಮಾರಾಟಕ್ಕಿದೆ, ಬಂದು ನೋಡಿ ಎಂದು ದಲ್ಲಾಳಿಗಳು ಹೇಳಿ ಕಳಿಸುತ್ತಾರೆ. ಒಂದೆರಡು ಕೊಯ್ಲಿನ ಹಣ ಒಂದೇ ದಿನದಲ್ಲಿ ಕೈಬಿಟ್ಟು ಹೋಗುವ ವ್ಯವಹಾರವಿದು. ಆದುದರಿಂದ ನೋಡಬೇಕಾದುದನ್ನು ನೋಡುವ ಕ್ರಮವನ್ನು ತಿಳಿದುಕೊಂಡೇ ಹೊರಡುವುದು ಒಳ್ಳೆಯದು.

ಮೊದಲಿಗೆ ಹೆಸರಿನ ವಿಚಾರ. ಟೈರಿನ ಮೇಲೆ ಓಡುವುದನ್ನೆಲ್ಲ ನಾವು ಜೆಸಿಬಿ ಎನ್ನುತ್ತೇವೆ, ಚೈನಿನ ಮೇಲೆ ಓಡಿ ಮೈಯನ್ನು ಪೂರ್ತಿ ಸುತ್ತುವುದನ್ನೆಲ್ಲ ಹಿಟಾಚಿ ಎನ್ನುತ್ತೇವೆ. ಎರಡೂ ಕಂಪನಿಗಳ ಹೆಸರು. ಮಿನಿ ಹಿಟಾಚಿ ಎಂದು ಮಾರಾಟಕ್ಕೆ ಬರುವ ಯಂತ್ರ ಕುಬೋಟಾ, ಯಾನ್ಮಾರ್, ಬಾಬ್‌ಕ್ಯಾಟ್, ಟಾಟಾ ಹಿಟಾಚಿ ಯಾವುದೂ ಆಗಿರಬಹುದು, ಜೆಸಿಬಿ ಕಂಪನಿಯದೇ ಚೈನ್ ಯಂತ್ರವೂ ಆಗಿರಬಹುದು. ಬಿಡಿಭಾಗ ಹುಡುಕುವ ದಿನ ಬಂದಾಗ ಬೇಕಾಗುವುದು ಯಂತ್ರದ ಮೇಲಿನ ತಗಡಿನಲ್ಲಿ ಕೊರೆದಿರುವ ಮಾದರಿ ಮತ್ತು ಕ್ರಮಸಂಖ್ಯೆ.

ನಮ್ಮ ಕೆಲಸ ಎಷ್ಟು ಗಂಟೆಯದು?

ಯಂತ್ರ ಎಷ್ಟು ಗಂಟೆ ಓಡಿದೆ ಎಂದು ಕೇಳುವ ಮೊದಲು ನಮ್ಮ ತೋಟದಲ್ಲಿ ಅದು ಎಷ್ಟು ಗಂಟೆ ಓಡಬಹುದು ಎಂದು ಎಣಿಸಬೇಕು. ಒಂಬತ್ತು ಅಡಿ ಅಂತರದಲ್ಲಿ ಅಡಿಕೆ ಹಚ್ಚಿದರೆ ಎಕರೆಗೆ ಸುಮಾರು 537 ಗಿಡ. ಎರಡು ಎಕರೆ ಹೊಸ ತೋಟಕ್ಕೆ 1,075 ಗುಂಡಿ. ಗಂಟೆಗೆ 20 ಗುಂಡಿ ಎಂದು ಹಿಡಿದರೂ 54 ಗಂಟೆಯ ಕೆಲಸ. ಪೈಪು, ಬಸಿಗಾಲುವೆ, ಮಣ್ಣು ಹರಡುವುದು ಎಲ್ಲ ಸೇರಿ ಮೊದಲ ವರ್ಷ 100 ಗಂಟೆ ಎನ್ನೋಣ. ಮರುವರ್ಷದಿಂದ 30 ಅಥವಾ 40 ಗಂಟೆಗೂ ಕೆಲಸ ಹುಡುಕಬೇಕು.

ಈಗ ಖರ್ಚು. ಲೆಕ್ಕಕ್ಕೆ ಸುಲಭವಾಗಲೆಂದು ಹತ್ತು ಲಕ್ಷಕ್ಕೆ ಕೊಂಡು ನಾಲ್ಕು ವರ್ಷದ ನಂತರ ಆರು ಲಕ್ಷಕ್ಕೆ ಮಾರಿದೆವು ಎಂದುಕೊಳ್ಳಿ. ವರ್ಷಕ್ಕೆ ಒಂದು ಲಕ್ಷ ಬೆಲೆ ಇಳಿತ, ಸಾಲ ತಂದಿದ್ದರೆ ಸುಮಾರು ಒಂದು ಲಕ್ಷ ಬಡ್ಡಿ, ಬ್ಯಾಟರಿ, ಸೀಲು, ಹೋಸ್ ಪೈಪುಗಳಿಗೆ ಐವತ್ತು ಸಾವಿರ, ಒಟ್ಟು ಎರಡೂವರೆ ಲಕ್ಷ. ನೂರು ಗಂಟೆ ಓಡಿಸಿದರೆ ಡೀಸೆಲ್ಲು ಮತ್ತು ಆಪರೇಟರನ ಕೂಲಿ ಬಿಟ್ಟೇ ಗಂಟೆಗೆ 2,500 ರೂಪಾಯಿ ಬೀಳುತ್ತದೆ. ಐನೂರು ಗಂಟೆ ಓಡಿಸಿದರೆ ಗಂಟೆಗೆ 500. ನಿಮ್ಮೂರಿನ ಬಾಡಿಗೆ ದರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಾಲ್ಕು ಎಕರೆಯ ಬೆಳೆಗಾರ ಒಬ್ಬನೇ ಕೊಳ್ಳುವುದು ಬಹುಪಾಲು ನಷ್ಟದ ಬಾಬತ್ತು ಎಂಬುದು ನಮ್ಮ ಅಭಿಪ್ರಾಯ. ಐದಾರು ಮನೆಯವರು ಕೂಡಿ ಕೊಂಡರೆ ಲೆಕ್ಕ ಹೊಂದುತ್ತದೆ. ಆದರೆ ಆಪರೇಟರ್ ಒಬ್ಬನೇ ಇರಬೇಕು, ಓಡಿದ ಗಂಟೆಯ ಪುಸ್ತಕ ಒಂದೇ ಇರಬೇಕು, ದುರಸ್ತಿಯ ಪಾಲು ಮೊದಲೇ ಕಾಗದದ ಮೇಲೆ ಬರೆದಿರಬೇಕು. ಅಣ್ಣತಮ್ಮಂದಿರಾದರೂ ಸರಿ, ಬರೆದುಕೊಳ್ಳಿ.

ಸಾಲಿನ ನಡುವೆ ಹಿಡಿಯುವ ಯಂತ್ರ

ದೊಡ್ಡದಾದಷ್ಟೂ ಒಳ್ಳೆಯದು ಎಂಬ ಎಣಿಕೆ ಅಡಿಕೆ ತೋಟದಲ್ಲಿ ನಡೆಯುವುದಿಲ್ಲ. ಟೈರಿನ ಜೆಸಿಬಿ ಏಳೆಂಟು ಟನ್ ತೂಗುತ್ತದೆ, ಏಳು ಅಡಿಗೂ ಮೀರಿದ ಅಗಲ. ಬೆಳೆದ ತೋಟದೊಳಗೆ ಅದಕ್ಕೆ ಜಾಗವಿಲ್ಲ. ಒಂದೂಮುಕ್ಕಾಲು ಟನ್ನಿನ ಮಿನಿ ಯಂತ್ರಗಳು ಚೈನನ್ನು ಒಳಕ್ಕೆ ಎಳೆದುಕೊಂಡಾಗ ಸುಮಾರು ಮೂರೂಕಾಲು ಅಡಿ ಅಗಲ ಇರುತ್ತವೆ, ಏಳು ಅಡಿಯವರೆಗೆ ಅಗೆಯುತ್ತವೆ. ಮೂರು ಟನ್ನಿನವು ಐದು ಅಡಿ ಅಗಲ. ಎರಡೂ ಒಂಬತ್ತು ಅಡಿ ಸಾಲಿನಲ್ಲಿ ನಡೆಯುತ್ತವೆ. ಆದರೆ ನಡೆಯುವುದು ಬೇರೆ, ತಿರುಗುವುದು ಬೇರೆ. ಸಾಲಿನ ನಡುವಿನಿಂದ ಮರಕ್ಕೆ ಇರುವುದು ನಾಲ್ಕೂವರೆ ಅಡಿ, ಮರದ ದಪ್ಪ ಕಳೆದರೆ ನಾಲ್ಕು ಅಡಿ ಚಿಲ್ಲರೆ. ಯಂತ್ರದ ತಿರುಗುವ ನಡುಬಿಂದುವಿನಿಂದ ಹಿಂಬದಿಯ ಕೊನೆಯವರೆಗೆ ಟೇಪು ಹಿಡಿದು ಅಳೆಯಿರಿ. ನಾಲ್ಕು ಅಡಿಗೆ ಬಂದರೆ, ಬೂಮನ್ನು ಪಕ್ಕಕ್ಕೆ ತಿರುಗಿಸಿದಾಗಲೆಲ್ಲ ಹಿಂಭಾಗ ಮರವನ್ನು ಸವರುತ್ತದೆ. ಹಿಂಭಾಗ ಚೈನಿನ ಅಗಲದೊಳಗೇ ಸುತ್ತುವ ಮಾದರಿಗಳಿವೆ. ತೋಟಕ್ಕೆ ಅವೇ ಸರಿ, ಸ್ವಲ್ಪ ಬೆಲೆ ಹೆಚ್ಚಾದರೂ ಚಿಂತೆಯಿಲ್ಲ. ಇಳಿಜಾರಿನ ಕಾಫಿ ತೋಟದಲ್ಲಿ ತೊಟ್ಟಿಲು ಗುಂಡಿ ತೆಗೆಸುವವರಿಗೂ ಇದೇ ಮಾತು. ಕೃಷಿ ಹೊಂಡದಂಥ ದೊಡ್ಡ ಅಗೆತವಿದ್ದರೆ ಆ ಎರಡು ದಿನಕ್ಕೆ ದೊಡ್ಡ ಯಂತ್ರವನ್ನು ಬಾಡಿಗೆಗೆ ಕರೆಸುವುದು ಸುಲಭ.

ಮಣ್ಣನ್ನೂ ಗಮನಿಸಬೇಕು. ಚನ್ನಗಿರಿ ಕಡೆ ಭದ್ರಾ ನಾಲೆಯ ನೀರಿನ ಜಿಗುಟು ಮಣ್ಣಿನಲ್ಲಿ ಬಸಿಗಾಲುವೆಯದೇ ಮುಖ್ಯ ಕೆಲಸ. ಅಲ್ಲಿ ರಬ್ಬರ್ ಚೈನ್ ಬಹಳ ಕಾಲ ಬಾಳುತ್ತದೆ, ಆದರೆ ಕೆಸರು ತುಂಬಿ ರೋಲರುಗಳು ಹಾಳಾಗುತ್ತವೆ. ಬಿಳಿಚೋಡು, ಜಗಳೂರು ಕಡೆ ಮಳೆ ಕಡಿಮೆ, ಬೋರ್‌ವೆಲ್ ನೀರಿನ ತೋಟಗಳು. ತುಂಗಭದ್ರೆಯಿಂದ ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಯ ಮೇಲೆ ಭರವಸೆಯಿಟ್ಟು ಗಿಡ ಹಚ್ಚುವವರೂ ಇದ್ದಾರೆ. ಕಲ್ಲು ಬೆರೆತ ಗಟ್ಟಿ ನೆಲದಲ್ಲಿ ರಬ್ಬರ್ ಚೈನಿನ ಅಂಚು ಹರಿಯುತ್ತದೆ, ಬಕೆಟ್ಟಿನ ಹಲ್ಲು ಬೇಗ ಸವೆಯುತ್ತದೆ. ಇಂಥ ಕಡೆ ಓಡಿದ ಯಂತ್ರಕ್ಕೆ ಕಲ್ಲು ಒಡೆಯುವ ಬ್ರೇಕರ್ ಕಟ್ಟಿದ್ದರೇ ಎಂದು ಕೇಳಲೇಬೇಕು. ಬ್ರೇಕರಿನ ಹೊಡೆತ ಪಿನ್ನು, ಬುಷ್, ವೆಲ್ಡಿಂಗ್ ಎಲ್ಲವನ್ನೂ ಸಡಿಲಿಸಿಬಿಡುತ್ತದೆ.

ಯಂತ್ರದ ಮುಂದೆ ನಿಂತಾಗ

"ಮೀಟರ್ ನೋಡ್ರೀ ಯಜಮಾನ್ರೇ, ಬರೀ ಎರಡೂವರೆ ಸಾವಿರ ಗಂಟೆ" ಎನ್ನುತ್ತಾನೆ ಮಾರುವವನು. ಮೀಟರನ್ನು ಬದಲಾಯಿಸಬಹುದು, ವೈರು ಕಿತ್ತಿಟ್ಟು ಓಡಿಸಬಹುದು. ಕಾಲಿಡುವ ಪೆಡಲಿನ ರಬ್ಬರು, ಕೈಹಿಡಿಯ ಗುಬ್ಬಿ, ಸೀಟಿನ ಅಂಚು ಇವುಗಳ ಸವೆತ ಮೀಟರಿಗೆ ಹೊಂದುತ್ತದೆಯೇ ನೋಡಿ. ಹೊಸ ಬಣ್ಣ ಬಳಿದಿದ್ದರೆ ಸಂತೋಷಪಡುವ ಬದಲು ಬೂಮಿನ ಬುಡದಲ್ಲಿ, ತೋಳಿನ ಮೊಣಕೈಯಲ್ಲಿ ಬೆರಳಾಡಿಸಿ ವೆಲ್ಡಿಂಗಿನ ಉಬ್ಬು ಹುಡುಕಬೇಕು.

ಬೆಳಿಗ್ಗೆ ಹೋಗುವುದು ಒಳ್ಳೆಯದು. ಬರುವ ಮೊದಲು ಚಾಲೂ ಮಾಡಬೇಡಿ ಎಂದು ಹೇಳಿಯೇ ಹೋಗಿ, ಹೋದೊಡನೆ ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿದ್ದಾರೆಂದು ಅನುಮಾನಪಡಬಹುದು. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆರೆಯಿರಿ. ನೀರಿನ ಮೇಲೆ ಎಣ್ಣೆಯ ಪದರವಿದ್ದರೆ ಅಲ್ಲಿಂದಲೇ ಹಿಂದಿರುಗಬಹುದು. ಚಾಲೂ ಮಾಡಿದಾಗ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದು ನಿಂತರೆ ತೊಂದರೆಯಿಲ್ಲ. ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿದಾಗ ರೈಲಿನಂತೆ ಹೊಗೆ ತಳ್ಳಿದರೆ ರಿಂಗುಗಳು ಸವೆದಿವೆ.

ಎಂಜಿನ್ನಿಗಿಂತ ಮುಖ್ಯವಾದುದು ಹೈಡ್ರಾಲಿಕ್ ಪಂಪು. ತಣ್ಣಗಿನ ಎಣ್ಣೆ ದಪ್ಪವಾಗಿರುವುದರಿಂದ ಸವೆದ ಪಂಪೂ ಚೆನ್ನಾಗಿ ಕೆಲಸ ಮಾಡಿ ತೋರಿಸುತ್ತದೆ. ಎಣ್ಣೆ ಕಾದು ತೆಳುವಾದ ಮೇಲೆ ಅದು ಸೋರಿ, ಬಲ ಇಳಿಯುತ್ತದೆ. ಹತ್ತು ನಿಮಿಷದ ಪ್ರದರ್ಶನ ನೋಡಿ ಮುಂಗಡ ಕೊಟ್ಟವರು ಮೋಸಹೋಗುವುದು ಇಲ್ಲಿಯೇ. ಕನಿಷ್ಠ ಮುಕ್ಕಾಲು ಗಂಟೆ ಗಟ್ಟಿ ನೆಲದಲ್ಲಿ ಅಗೆಸಿ. ಡೀಸೆಲ್ಲಿನ ಹಣ ನಾವೇ ಕೊಡುತ್ತೇವೆ ಎಂದರೂ ಒಪ್ಪದಿದ್ದರೆ ಆ ಯಂತ್ರ ಬೇಡ. ಮೊದಲಿಗೆ ಬೂಮು ಮೇಲೇಳಲು ಎಷ್ಟು ಸೆಕೆಂಡು, ಕೊನೆಗೆ ಎಷ್ಟು ಸೆಕೆಂಡು ಎಂದು ಗಡಿಯಾರ ಹಿಡಿದು ಬರೆದುಕೊಳ್ಳಿ. ಕಾದ ಮೇಲೆ ಎದ್ದು ಕಾಣುವಷ್ಟು ನಿಧಾನವಾದರೆ ಪಂಪಿನ ಖರ್ಚು ಕಾದಿದೆ. ಅನಂತರ ಮಣ್ಣು ತುಂಬಿದ ಬಕೆಟ್ಟನ್ನು ಎತ್ತಿ ಹಿಡಿದು ಎಂಜಿನ್ ನಿಲ್ಲಿಸಿ, ಪಕ್ಕದಲ್ಲೊಂದು ಕೋಲು ನೆಟ್ಟು ಗುರುತು ಮಾಡಿ, ಐದು ನಿಮಿಷ ಬಿಟ್ಟು ನೋಡಿ. ಗೇಣುದ್ದ ಕುಸಿದಿದ್ದರೆ ಸಿಲಿಂಡರಿನ ಸೀಲು ಅಥವಾ ವಾಲ್ವು ಸೋರುತ್ತಿದೆ. ಆ ವೇಳೆ ಯಾರೂ ಬಕೆಟ್ಟಿನ ಕೆಳಗೆ ನಿಲ್ಲಕೂಡದು.

ಇನ್ನು ತಿರುಗುವ ಬೇರಿಂಗು. ಮೇಲಿನ ಮೈಯೆಲ್ಲ ಕೂತಿರುವುದು ಇದರ ಮೇಲೆ. ಬಕೆಟ್ಟನ್ನು ನೆಲಕ್ಕೊತ್ತಿ ಯಂತ್ರದ ಮುಂಭಾಗವನ್ನು ತುಸು ಎತ್ತಿ, ಇಳಿಸಿ, ಹೀಗೆ ನಾಲ್ಕೈದು ಸಾರಿ ಮಾಡಿಸಿ. ಮೇಲಿನ ಮೈಗೂ ಕೆಳಗಿನ ಚೌಕಟ್ಟಿಗೂ ನಡುವಣ ಸಂದು ಬಾಯಿಬಿಟ್ಟು ಮುಚ್ಚುವುದು ಕಣ್ಣಿಗೆ ಕಂಡರೆ, ಒಳಗೆ ಕಟಕಟ ಸದ್ದು ಕೇಳಿದರೆ, ಬೇರಿಂಗು ಮುಗಿದಿದೆ. ಅದನ್ನು ಬದಲಿಸಲು ಮೇಲಿನ ಮೈಯನ್ನೇ ಕ್ರೇನಿನಿಂದ ಎತ್ತಬೇಕಾಗುತ್ತದೆ. ಬೆಲೆ ಎಷ್ಟು ಇಳಿಸಿದರೂ ಅಂಥದ್ದನ್ನು ಮುಟ್ಟಬಾರದು. ಮಿನಿ ಯಂತ್ರಗಳಲ್ಲಿ ಬೂಮು ಎಡಬಲಕ್ಕೆ ಹೊರಳುವ ಕೀಲೊಂದಿದೆ. ಗೋಡೆಯ ಮಗ್ಗುಲಲ್ಲಿ ಅಗೆಯಲು ಇದು ಅನುಕೂಲ, ಗ್ರೀಸು ಕಾಣದೆ ಮೊದಲು ಸವೆಯುವುದೂ ಇದೇ. ಬಕೆಟ್ಟಿನ ತುದಿ ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಎಲ್ಲ ಕೀಲುಗಳ ಸಡಿಲವೂ ಒಟ್ಟಿಗೆ ತಿಳಿಯುತ್ತದೆ. ಪಿನ್ನು, ಬುಷ್ ಸಡಿಲ ಒಂದು ದೋಷವೇ, ಆದರೆ ದಾವಣಗೆರೆಯ ಲೇತಿನಲ್ಲಿ ಸರಿಯಾಗುವ ದೋಷ. ಅದನ್ನು ತೋರಿಸಿ ಬೆಲೆ ಇಳಿಸಿಕೊಳ್ಳಿ.

ಚೈನಿನಲ್ಲಿ ಒಳಗಿನ ಉಕ್ಕಿನ ಎಳೆ ಹೊರಗೆ ಕಾಣುತ್ತಿದೆಯೇ, ಹಲ್ಲುಚಕ್ರದ ಹಲ್ಲುಗಳು ಮುಳ್ಳಿನಂತೆ ಚೂಪಾಗಿವೆಯೇ, ರೋಲರುಗಳ ಪಕ್ಕ ಎಣ್ಣೆ ಒಸರಿದೆಯೇ ಎಂದು ಕೂತು ನೋಡಬೇಕು. ಸಮತಟ್ಟು ನೆಲದಲ್ಲಿ ನೂರು ಅಡಿ ನೇರ ನಡೆಸಿ. ತಾನಾಗಿ ಒಂದು ಕಡೆಗೆ ಎಳೆದರೆ ಚೈನಿನ ಬಿಗಿತ ವ್ಯತ್ಯಾಸವಿರಬಹುದು, ಬಿಗಿ ಮಾಡಿದ ಮೇಲೂ ಎಳೆದರೆ ಆ ಬದಿಯ ಮೋಟಾರು ಸೋತಿದೆ. ಎಡಗೈ ಪಕ್ಕದ ಸುರಕ್ಷಾ ಹಿಡಿಯನ್ನು ಎತ್ತಿದಾಗ ಎಲ್ಲ ಚಲನೆಯೂ ನಿಲ್ಲಬೇಕು. ತಲೆಯ ಮೇಲಿನ ಛಾವಣಿಯ ಕಂಬಗಳನ್ನು, ಗರಿ ತಾಗುತ್ತದೆ ಎಂದು ಕೊಯ್ದು ತೆಗೆದ ಯಂತ್ರಗಳೂ ಇವೆ. ಹೊಂಡದ ಅಂಚಿನಲ್ಲಿ ಮಗುಚಿದರೆ ಆಪರೇಟರನ ಜೀವ ಉಳಿಸುವುದು ಆ ಕಂಬಗಳು. ಅವಿಲ್ಲದ ಯಂತ್ರವನ್ನು ತೋಟಕ್ಕೆ ತರಬೇಡಿ.

ಕಾಗದಪತ್ರ ಮತ್ತು ಬಿಡಿಭಾಗ

ಚೈನ್ ಯಂತ್ರಗಳಲ್ಲಿ ಬಹಳಷ್ಟು ಲಾರಿ, ಟ್ರ್ಯಾಕ್ಟರುಗಳ ಹಾಗೆ ಆರ್.ಸಿ. ಪುಸ್ತಕವಿಲ್ಲದೆಯೇ ಕೈ ಬದಲಾಗುತ್ತವೆ. ಆದುದರಿಂದ ಮೊದಲ ಮಾಲೀಕನ ಹೆಸರಿನ ಮೂಲ ಬಿಲ್ಲಿನಿಂದ ಹಿಡಿದು ಈಗ ಮಾರುವವನವರೆಗಿನ ಎಲ್ಲ ಬಿಲ್ಲುಗಳನ್ನೂ ಕೇಳಬೇಕು. ಬಿಲ್ಲಿನ ಸಂಖ್ಯೆಯೂ ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆಯೂ ಎಂಜಿನ್ ಸಂಖ್ಯೆಯೂ ತಾಳೆಯಾಗಬೇಕು. ಸಾಲದ ಮೇಲೆ ಕೊಂಡ ಯಂತ್ರವಾಗಿದ್ದರೆ ಬ್ಯಾಂಕು ಅಥವಾ ಫೈನಾನ್ಸಿನ ಬಾಕಿಯಿಲ್ಲದ ಪತ್ರವನ್ನು ಮೂಲ ರೂಪದಲ್ಲೇ ನೋಡಿ, ಆ ಶಾಖೆಗೆ ಹೋಗಿ ವಿಚಾರಿಸಿ. ಬಾಕಿ ಉಳಿದಿದ್ದರೆ ಕಂತಿನವರು ಯಂತ್ರವನ್ನು ನಿಮ್ಮ ತೋಟದಿಂದಲೇ ಎತ್ತಿಕೊಂಡು ಹೋಗಬಹುದು. ಜಪಾನಿನಿಂದ ಹಳೆಯದಾಗಿಯೇ ಬಂದ ಯಂತ್ರವಾದರೆ ಆಮದಿನ ಸುಂಕ ಕಟ್ಟಿದ ಕಾಗದವೂ ಬೇಕು. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ.

ಮುಂಗಡ ಕೊಡುವ ಮುನ್ನ ಮಾದರಿ ಸಂಖ್ಯೆ ಬರೆದುಕೊಂಡು ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಬಿಡಿಭಾಗದ ಅಂಗಡಿಗೆ ಹೋಗಿ ಮೂರು ವಸ್ತುಗಳ ಬೆಲೆ ಕೇಳಿ: ಒಂದು ಜೊತೆ ರಬ್ಬರ್ ಚೈನು, ಹೈಡ್ರಾಲಿಕ್ ಪಂಪು, ಫಿಲ್ಟರುಗಳ ಪೂರ್ತಿ ಸೆಟ್ಟು. ಫಿಲ್ಟರು ಕೂಡ ತರಿಸಿಕೊಡಬೇಕು ಎಂಬ ಉತ್ತರ ಬಂದರೆ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಸುಗ್ಗಿಯ ನಡುವೆ ನಿಂತುಹೋಗುವ ಯಂತ್ರವದು. ಗುಂಡಿಗೆ ಎರಡು ಅಡಿಯ ಬಕೆಟ್ಟು, ಪೈಪಿನ ಸಾಲಿಗೆ ಒಂದು ಅಡಿಯ ಬಕೆಟ್ಟು ಎರಡನ್ನೂ ಬೆಲೆಯೊಳಗೇ ಸೇರಿಸಿ ಮಾತಾಡಿಕೊಳ್ಳಿ.

ಯಂತ್ರ ಮನೆಗೆ ಬಂದ ದಿನವೇ ಎಂಜಿನ್ ಆಯಿಲ್, ಹೈಡ್ರಾಲಿಕ್ ಆಯಿಲ್, ಚೈನ್ ಮೋಟಾರಿನ ಗೇರ್ ಆಯಿಲ್, ಎಲ್ಲ ಫಿಲ್ಟರುಗಳನ್ನು ಬದಲಿಸಿ, ರೇಡಿಯೇಟರಿಗೆ ಬೋರ್ ನೀರಿನ ಬದಲು ಕೂಲೆಂಟ್ ತುಂಬಿ, ಅಂದಿನ ಮೀಟರ್ ಗಂಟೆಯನ್ನು ಪುಸ್ತಕದ ಮೊದಲ ಸಾಲಿನಲ್ಲಿ ಬರೆಯಿರಿ. ಕೀಲುಗಳಿಗೆ ದಿನವೂ ಕೆಲಸ ಶುರುಮಾಡುವ ಮೊದಲು ಗ್ರೀಸು ಬೇಕು. ಮೊದಲ ಸಾಲು ಅಗೆಯುವ ಮುನ್ನ ಹೂತ ಪಿವಿಸಿ ಪೈಪು, ಮೋಟಾರಿನ ಕೇಬಲ್ಲು ಎಲ್ಲೆಲ್ಲಿ ಹೋಗಿವೆ ಎಂದು ಸುಣ್ಣದ ಗೆರೆ ಎಳೆದು ಆಪರೇಟರನಿಗೆ ತೋರಿಸಿ.