ಎರಡನೇ ಲಿವರಿನ ಕೆಳಗಿನ ಎಣ್ಣೆ

ಹಳೇ ಮಹೀಂದ್ರ ಜೀಪು ತಗೊಂಡೆಯಂತೆ, ಒಳ್ಳೆಯದಾಯಿತು ಮಾರಾಯ. ಮೂಡಿಗೆರೆ, ಸಕಲೇಶಪುರದ ತೋಟದ ದಾರಿಗಳಿಗೆ ಹೇಳಿ ಮಾಡಿಸಿದ ಗಾಡಿ ಅದು. ಟೈರು, ಟಾಪು, ಬಣ್ಣ ನಿನ್ನಿಷ್ಟ, ನಾನು ಬಾಯಿ ಹಾಕುವುದಿಲ್ಲ. ಎರಡನೇ ಲಿವರಿನ ಕೆಳಗೆ ಕೂತು ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಎಣ್ಣೆ ವಿಷಯದಲ್ಲಿ ಮಾತ್ರ ನನ್ನ ಮಾತು ಸ್ವಲ್ಪ ಕೇಳು. ಎಂಜಿನ್ ಆಯಿಲನ್ನು ಎಲ್ಲರೂ ನೆನಪಿಟ್ಟು ಬದಲಾಯಿಸುತ್ತಾರೆ. ಗೇರ್‌ಬಾಕ್ಸಿನ ಹಿಂದೆ ಕೂತ ಈ ಪೆಟ್ಟಿಗೆ ಸದ್ದು ಮಾಡುವ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ. ಸದ್ದು ಬಂದ ಮೇಲೆ ಎಷ್ಟು ಒಳ್ಳೆಯ ಎಣ್ಣೆ ಹಾಕಿದರೂ ಸವೆದ ಹಲ್ಲು ಬೆಳೆಯುವುದಿಲ್ಲ.

ಅಂಗಡಿಗೆ ಹೋದವರು ಮೊದಲು ಕೇಳುವುದೇ ಯಾವ ಕಂಪನಿಯದು ಒಳ್ಳೆಯದು ಅಂತ. ಕಂಪನಿ ಆಮೇಲೆ. ಪೆಟ್ಟಿಗೆಯೊಳಗೆ ಏನಿದೆ ಅನ್ನುವುದು ಮೊದಲು. ವಿಲ್ಲೀಸ್ ಜೀಪಿನಲ್ಲಿ ಬರುತ್ತಿದ್ದ ಸ್ಪೈಸರ್ 18 ಪೂರ್ತಿ ಗೇರಿನದು. ಮಹೀಂದ್ರದ ಹಳೇ ಜೀಪುಗಳದ್ದು ಅದೇ ವಂಶ. ಮಾರುತಿ ಜಿಪ್ಸಿಯದೂ ಗೇರಿನದೇ, ಆದರೆ ಅದು ಗೇರ್‌ಬಾಕ್ಸಿಗೆ ಅಂಟಿಕೊಳ್ಳದೆ, ನಡುವೆ ಒಂದು ಗಿಡ್ಡ ಶಾಫ್ಟ್ ಇಟ್ಟುಕೊಂಡು ಬೇರೆಯಾಗಿ ಕೂತಿದೆ. ಇವಕ್ಕೆಲ್ಲ ಗೇರ್ ಆಯಿಲ್. ಈಚಿನ ಹಲವು ಗಾಡಿಗಳಲ್ಲಿ ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವುದು ಚೈನಿನಿಂದ. ಅಂಥವಕ್ಕೆ ಬಹಳ ಕಡೆ ಎಟಿಎಫ್ ಬೇಕು, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ತೆಳುವಾದ ಕೆಂಪು ಎಣ್ಣೆ. ಒಳಗೆ ಪುಟ್ಟ ಪಂಪು ಇದ್ದರೆ ಅದು ತೆಳು ಎಣ್ಣೆಯನ್ನು ಎಳೆಯಲೆಂದೇ ಮಾಡಿದ್ದು. ಅದಕ್ಕೆ ಮಂದವಾದ 90ರ ಗೇರ್ ಆಯಿಲ್ ಸುರಿದರೆ ಬೇರಿಂಗಿಗೆ ಎಣ್ಣೆ ಸರಿಯಾಗಿ ಮುಟ್ಟುವುದಿಲ್ಲ. ನಿನ್ನ ಸ್ನೇಹಿತನ ಹೊಸ ಗಾಡಿಗೆ ಹಾಕಿದ್ದನ್ನೇ ನಿನ್ನದಕ್ಕೂ ಹಾಕಿಸಬೇಡ ಅನ್ನುವುದು ಇದಕ್ಕೇ.

ಇನ್ನು ಡಬ್ಬದ ಮೇಲಿನ ಅಂಕಿ. 80ಡಬ್ಲ್ಯೂ-90 ಅಂದರೆ ಎಂಜಿನ್ ಆಯಿಲಿಗಿಂತ ಎಷ್ಟೋ ಪಟ್ಟು ಮಂದ ಅಂತ ತಿಳಿದವರಿದ್ದಾರೆ. ಹಾಗಲ್ಲ, ಅಳತೆಗೋಲೇ ಬೇರೆ. ಬಿಸಿಯಾದಾಗ 90ರ ಗೇರ್ ಆಯಿಲಿನ ಮಂದ ಹೆಚ್ಚುಕಡಿಮೆ 40 ಅಥವಾ 50ರ ಎಂಜಿನ್ ಆಯಿಲಿನಷ್ಟೇ. ಡಬ್ಲ್ಯೂ ಇರುವ ಅಂಕಿ ಚಳಿಗೆ ಸಂಬಂಧಿಸಿದ್ದು. 80ಡಬ್ಲ್ಯೂ ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ, 75ಡಬ್ಲ್ಯೂವನ್ನು 40 ಡಿಗ್ರಿ ಕೆಳಗೆ. ನಮ್ಮ ಬಾಬಾಬುಡನ್‌ಗಿರಿಯ ಮಾಗಿ ಚಳಿ ಇದರ ಹತ್ತಿರಕ್ಕೂ ಬರುವುದಿಲ್ಲ. ಲಡಾಖಿಗೆ ಚಳಿಗಾಲದಲ್ಲಿ ಹೋಗುವವನಿಗೆ 75ಡಬ್ಲ್ಯೂ-90ಕ್ಕೆ ದುಡ್ಡು ಕೊಟ್ಟದ್ದು ಸಾರ್ಥಕ. ತೋಟದಲ್ಲಿ ಓಡುವ ಹಳೇ ಜೀಪಿಗೆ 80ಡಬ್ಲ್ಯೂ-90 ಸಾಕು.

ಜನ ನಿಜವಾಗಿ ಎಡವುವುದು ಡಬ್ಬದ ಮೇಲಿನ ಜಿಎಲ್-4, ಜಿಎಲ್-5 ಎಂಬ ದರ್ಜೆಗಳಲ್ಲಿ. ಐದು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಒಳ್ಳೆಯದು ಅಂತ ಅಂಗಡಿಯವನೂ ಹೇಳುತ್ತಾನೆ. ಆದರೆ ಐದು ಬೇರೆ ಕೆಲಸಕ್ಕೆ ಮಾಡಿದ್ದು. ಹಿಂದಿನ ಆಕ್ಸಲಿನ ಹೌಸಿಂಗಿನಲ್ಲಿರುವ ಕ್ರೌನ್ ಮತ್ತು ಪಿನಿಯನ್ ಗೇರುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜೋರಾಗಿ ಉಜ್ಜಿಕೊಂಡೂ ಜಾರುತ್ತವೆ. ಅಲ್ಲಿ ಎಣ್ಣೆಯ ಪದರ ಹರಿದುಹೋಗುತ್ತದೆ. ಆಗ ಉಕ್ಕಿನ ಮೇಲೆ ರಕ್ಷಣೆಯ ಪೊರೆ ಕಟ್ಟಲೆಂದು ಜಿಎಲ್-5ರಲ್ಲಿ ಗಂಧಕ, ರಂಜಕದ ಸಾಮಾನನ್ನು ಹೆಚ್ಚು ಬೆರೆಸಿರುತ್ತಾರೆ. ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವ ಆ ವಾಸನೆ ಅದರದ್ದೇ. ಉಕ್ಕಿಗೆ ಒಳ್ಳೆಯದಾದ ಈ ಗಂಧಕ ಬಿಸಿಯಲ್ಲಿ ಹಿತ್ತಾಳೆ, ಕಂಚನ್ನು ಕಪ್ಪಾಗಿಸಿ ತಿನ್ನಬಹುದು. ಎಣ್ಣೆ ಕಂಪನಿಗಳು ಇದನ್ನು ಅಳೆಯುವ ರೀತಿ ಸರಳ. ಉಜ್ಜಿ ಹೊಳಪು ಕೊಟ್ಟ ತಾಮ್ರದ ಪಟ್ಟಿಯನ್ನು ಕಾದ ಎಣ್ಣೆಯಲ್ಲಿ ಗಂಟೆಗಟ್ಟಲೆ ಮುಳುಗಿಸಿಟ್ಟು, ಎಷ್ಟು ಕಪ್ಪಾಯಿತು ಎಂದು ನೋಡಿ 1ರಿಂದ 4ರವರೆಗೆ ಅಂಕ ಕೊಡುತ್ತಾರೆ. ಈಗ ಬರುವ ಜಿಎಲ್-5 ಎಣ್ಣೆಗಳಲ್ಲಿ ಮೊದಲಿನಷ್ಟು ಕಾಟವಿಲ್ಲ, ಒಪ್ಪುತ್ತೇನೆ. ಆದರೂ ಹಿತ್ತಾಳೆಯ ಸಿಂಕ್ರೊ ರಿಂಗುಗಳಿರುವ ಗೇರ್‌ಬಾಕ್ಸಿನಲ್ಲಿ ಇನ್ನೊಂದು ತಕರಾರು ಉಂಟು. ರಿಂಗು ಕೆಲಸ ಮಾಡಬೇಕಾದರೆ ಸ್ವಲ್ಪ ಹಿಡಿತ ಬೇಕು. ಎಣ್ಣೆ ಅತಿ ಜಾರಿದರೆ ಗೇರು ಕರಕರ ಅನ್ನುತ್ತಲೇ ಬೀಳುತ್ತದೆ.

ಇದು ಗೇರ್‌ಬಾಕ್ಸಿನ ಮಾತಾಯಿತು, ಟ್ರಾನ್ಸ್‌ಫರ್ ಕೇಸಿಗೇನು ಅಂತ ಕೇಳುತ್ತೀಯ. ನಿನ್ನ ಜೀಪಿನಲ್ಲಿ ಎರಡೂ ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ಈ ಜಾತಿಯ ಜೀಪುಗಳಲ್ಲಿ ಒಂದರ ಎಣ್ಣೆ ಇನ್ನೊಂದಕ್ಕೆ ಹರಿಯುವುದು ಹಳೇ ಕಥೆ. ಗೇರ್‌ಬಾಕ್ಸ್ ಖಾಲಿ, ಹಿಂದಿನದು ತುಂಬಿ ತುಳುಕುತ್ತಿರುವುದನ್ನು ಯಾವ ಹಳೇ ಮೆಕ್ಯಾನಿಕ್ಕನ್ನು ಕೇಳಿದರೂ ಹೇಳುತ್ತಾನೆ. ಅಂದಮೇಲೆ ಎರಡಕ್ಕೂ ಒಂದೇ ಎಣ್ಣೆ ಹಾಕಬೇಕು, ಆ ಎಣ್ಣೆ ಗೇರ್‌ಬಾಕ್ಸಿಗೆ ಒಗ್ಗುವಂಥದ್ದಾಗಿರಬೇಕು. ಗಾಡಿಯ ಪುಸ್ತಕ ಬೇರೆ ಹೇಳದಿದ್ದರೆ ಜಿಎಲ್-4, 80ಡಬ್ಲ್ಯೂ-90 ಎನ್ನುವುದು ನನ್ನ ತೀರ್ಮಾನ. ಜಿಎಲ್-5 ಹೌಸಿಂಗುಗಳಿಗೆ ಇರಲಿ. ಹೌಸಿಂಗಿಗೆ ಮಾತ್ರ ಜಿಎಲ್-4 ಹಾಕಿ ದುಡ್ಡು ಉಳಿಸಲು ಹೋಗಬೇಡ.

ಸದ್ದು ಬಂದರೆ 140ರ ಗೇರ್ ಆಯಿಲ್ ಹಾಕು ಎನ್ನುವವರು ನಿನಗೆ ಸಿಕ್ಕೇ ಸಿಗುತ್ತಾರೆ. ಸದ್ದು ಅಡಗುತ್ತದೆ, ಸುಳ್ಳಲ್ಲ. ಆದರೆ ಒಳಗಿನ ಸೂಜಿ ಬೇರಿಂಗಿನ ಸಂದಿಗೆ ಅಂಥ ಮಂದ ಎಣ್ಣೆ ಬೆಳಗಿನ ಚಳಿಯಲ್ಲಿ ನಿಧಾನವಾಗಿ ಇಳಿಯುತ್ತದೆ. ಮಾರುವ ಗಾಡಿಗೆ ಹಾಕುವ ಎಣ್ಣೆ ಅದು, ಇಟ್ಟುಕೊಳ್ಳುವ ಗಾಡಿಗಲ್ಲ. ನೀನು ಕೊಂಡ ಜೀಪಿನಲ್ಲಿ ಈಗ ಯಾವುದಿದೆ ಅಂತ ನೋಡಿದೆಯಾ?

ಬದಲಾಯಿಸುವಾಗ ತೋಟದ ರೈಟರ ಮೇಲೆ ಬಿಡದೆ ನೀನೇ ಎದುರು ನಿಲ್ಲು. ಗಾಡಿ ಸ್ವಲ್ಪ ಓಡಿ ಎಣ್ಣೆ ಬೆಚ್ಚಗಾಗಿರಲಿ, ನೆಲ ಸಮತಟ್ಟಾಗಿರಲಿ. ಮೇಲಿನ ಫಿಲ್ಲರ್ ಪ್ಲಗ್ಗನ್ನು ಮೊದಲು ಸಡಿಲಿಸು, ಕೆಳಗಿನ ಡ್ರೈನ್ ಪ್ಲಗ್ಗು ಆಮೇಲೆ. ಎಣ್ಣೆಯೆಲ್ಲ ಇಳಿಸಿದ ಮೇಲೆ ತುಕ್ಕು ಹಿಡಿದ ಮೇಲಿನ ಪ್ಲಗ್ಗು ಪಾನಕ್ಕೆ ಬಗ್ಗದಿದ್ದರೆ ಗಾಡಿ ಅಲ್ಲೇ ಮಲಗುತ್ತದೆ. ಇಳಿದ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡು. ಬೂದು ಹಿಟ್ಟಿನಂಥ ನಯವಾದ ಪುಡಿ ಸವೆತದ್ದು, ಅದಕ್ಕೆ ಹೆದರಬೇಕಿಲ್ಲ. ಬೆರಳಿಗೆ ಚುಚ್ಚುವ ಚೂರು, ಹಳದಿ ಮಿನುಗು ಕಂಡರೆ ಬಿಚ್ಚಿಸಲೇಬೇಕು. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ. ಕಾದ ಪೆಟ್ಟಿಗೆ ಹಳ್ಳದ ನೀರಿಗೆ ಇಳಿದಾಗ ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಪೆಟ್ಟಿಗೆಗೆ ಗಾಳಿಯಾಡುವ ಬ್ರೀದರಿನಲ್ಲಿ ಕೆಸರು ಕಟ್ಟಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಎಣ್ಣೆಯ ಜೊತೆಗೆ ಬ್ರೀದರನ್ನೂ ಬಿಡಿಸಿ ತೊಳೆಸು. ಹೊಸ ಎಣ್ಣೆ ಫಿಲ್ಲರ್ ತೂತಿನ ಅಂಚಿಗೆ ಬಂದು ಹೊರಗೆ ಜಿನುಗಿದರೆ ಅಳತೆ ಸರಿ.

ಇನ್ನೊಂದು, ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡು ಓಡಿಸಬೇಡ. ತಿರುವಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಓಟ ಹೊಂದದೆ ಗೇರುಗಳು ಬಿಗಿದುಕೊಳ್ಳುತ್ತವೆ. ಆ ಹಿಂಸೆಗೆ ಯಾವ ಎಣ್ಣೆಯೂ ಮದ್ದಲ್ಲ.

ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಇದನ್ನೆಲ್ಲ ಮಾಡಿಸಿಬಿಡು. ಇಳಿಸಿದ ಹಳೇ ಎಣ್ಣೆಯನ್ನು ಹಳ್ಳದ ಬದಿಗೆ ಚೆಲ್ಲಬೇಡ, ಕೆಳಗಿನ ಮನೆಯವರು ಅದೇ ನೀರು ಕುಡಿಯುತ್ತಾರೆ. ಕ್ಯಾನಿಗೆ ತುಂಬಿ ಮೂಡಿಗೆರೆಯ ಗ್ಯಾರೇಜಿಗೆ ಕೊಟ್ಟುಬಿಡು.